ಯಜಮಾನರಿಲ್ಲದ ಜಗಲಿ: ಯೂಸ್‌ನೆಟ್‌ನ ಕಸ ಗುಡಿಸಿದವರ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ವಿಚಿತ್ರ ಮುಷ್ಕರದಿಂದ ಶುರು ಮಾಡೋಣ.

1998ರ ಏಪ್ರಿಲ್. ಒಂದಷ್ಟು ಜನ ತಾವು ದಿನಾ ಮಾಡುತ್ತಿದ್ದ ಕೆಲಸವನ್ನು ಒಟ್ಟಿಗೆ ನಿಲ್ಲಿಸಿಬಿಟ್ಟರು. ಸಂಬಳ ಜಾಸ್ತಿ ಮಾಡಿ ಅಂತ ಕೇಳೋಣ ಅಂದ್ರೆ ಅವರಿಗೆ ಸಂಬಳವೇ ಇರಲಿಲ್ಲ. ಯಜಮಾನರ ವಿರುದ್ಧ ಘೋಷಣೆ ಕೂಗೋಣ ಅಂದ್ರೆ ಆ ಜಾಗಕ್ಕೆ ಯಜಮಾನರೂ ಇರಲಿಲ್ಲ. ಅವರು ಮಾಡುತ್ತಿದ್ದದ್ದು ಕಸ ಗುಡಿಸೋ ಕೆಲಸ. ಬೀದಿಯ ಕಸ ಅಲ್ಲ, ದೇಶ ದೇಶಗಳ ಜನ ಕೂತು ಹರಟುತ್ತಿದ್ದ ಯೂಸ್‌ನೆಟ್ ಅನ್ನೋ ಜಾಗದ ಕಸ. ನಾವು ಪೊರಕೆ ಕೆಳಗಿಟ್ರೆ ಏನಾಗುತ್ತೆ ಅಂತ ಒಂದು ಸಲ ನೋಡಿ ಅನ್ನೋದು ಅವರ ಮಾತು.

ನಿಮ್ಮಲ್ಲಿ ಬಹಳ ಜನ ಯೂಸ್‌ನೆಟ್ ಹೆಸರನ್ನೇ ಕೇಳಿರಲಿಕ್ಕಿಲ್ಲ. ಆದರೆ ಅದರ ಮಕ್ಕಳು ಮೊಮ್ಮಕ್ಕಳ ಜೊತೆ ದಿನಾ ಇದ್ದೀರಿ. ಸ್ಪ್ಯಾಮ್, ಎಫ್‌ಎಕ್ಯೂ, ಟ್ರೋಲ್ ಇಂಥ ಮಾತುಗಳು ಬೆಳೆದು ಹರಡಿದ್ದು ಅಲ್ಲಿ. 1991ರ ಆಗಸ್ಟ್ 6ರಂದು ಟಿಮ್ ಬರ್ನರ್ಸ್ ಲೀ ತಮ್ಮ ವರ್ಲ್ಡ್ ವೈಡ್ ವೆಬ್ ಬಗ್ಗೆ ಹೊರಗಿನವರಿಗೆ ಹೇಳಿಕೊಂಡದ್ದು ಯೂಸ್‌ನೆಟ್‌ನ ಒಂದು ಗುಂಪಿನಲ್ಲಿ. ಅದೇ ತಿಂಗಳ 25ಕ್ಕೆ ಲೈನಸ್ ಟೊರ್ವಾಲ್ಡ್ಸ್ ಅನ್ನೋ ಫಿನ್‌ಲೆಂಡ್‌ನ ಹುಡುಗ, ಸುಮ್ಮನೆ ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಬರೀತಿದ್ದೀನಿ ಅಂತ ತಿಳಿಸಿದ್ದೂ ಅಲ್ಲೇ. ಅದೇ ಮುಂದೆ ಲಿನಕ್ಸ್ ಆಯ್ತು. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರೋದೂ ಅದೇ.

ಇಷ್ಟೆಲ್ಲ ನಡೆದ ಜಾಗವನ್ನ ನೋಡಿಕೊಳ್ತಿದ್ದೋರು ಯಾರು? ಯಾರ ಮಾತು ಇರಬೇಕು, ಯಾರದ್ದು ಹೋಗಬೇಕು ಅಂತ ತೀರ್ಮಾನ ಮಾಡೋ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಇವತ್ತಿನ ಕಥೆ ಅದು.

ಮೂರು ಕಂಪ್ಯೂಟರ್, ಒಂದು ಫೋನ್ ಲೈನ್

1979ರ ಕೊನೆ. ಅಮೆರಿಕದ ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅನ್ನೋ ಇಬ್ಬರು ವಿದ್ಯಾರ್ಥಿಗಳು. ಪಕ್ಕದ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಬೆಲೊವಿನ್ ಅನ್ನೋ ಇನ್ನೊಬ್ಬ. ಆಗ ಅರ್ಪಾನೆಟ್ ಅನ್ನೋ ಜಾಲ ಇತ್ತು ನಿಜ. ಆದರೆ ಅದು ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನದು, ಎಲ್ಲ ಕಾಲೇಜಿಗೂ ಸಿಗೋದಲ್ಲ. ಈ ಹುಡುಗರ ಹತ್ತಿರ ಇದ್ದದ್ದು ಯೂನಿಕ್ಸ್ ಇರೋ ಕಂಪ್ಯೂಟರ್ ಮತ್ತು ಫೋನ್ ಲೈನ್. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ ಫೈಲ್ ಕೊಡೋ ಸೌಲಭ್ಯ ಯೂನಿಕ್ಸ್‌ನಲ್ಲೇ ಇತ್ತು. ಬೆಲೊವಿನ್ ಅದರ ಮೇಲೆ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಶುರುವಿಗೆ ಜೋಡಿಸಿದ್ದು ಮೂರು ಕಂಪ್ಯೂಟರ್ ಮಾತ್ರ. 1980ರ ಜನವರಿಯಲ್ಲಿ ಯೂನಿಕ್ಸ್ ಬಳಕೆದಾರರ ಸಮ್ಮೇಳನದಲ್ಲಿ ಇದನ್ನ ಎಲ್ಲರಿಗೂ ತಿಳಿಸಿದರು.

ವೇಗ ಎಷ್ಟು ಗೊತ್ತಾ? ಸೆಕೆಂಡಿಗೆ ಸುಮಾರು 30 ಅಕ್ಷರ. ಒಂದು ಪುಟದ ಬರಹ ಆ ಕಡೆ ತಲುಪೋಕೆ ಒಂದು ನಿಮಿಷಕ್ಕೂ ಹೆಚ್ಚು. ದಿನಕ್ಕೆ ಒಂದೋ ಎರಡೋ ಸಂದೇಶ ಬರಬಹುದು ಅನ್ನೋದು ಅವರ ಅಂದಾಜು. ಬಹುಶಃ ಇಂಟರ್ನೆಟ್ ಇತಿಹಾಸದಲ್ಲೇ ಇಷ್ಟು ತಪ್ಪಿದ ಅಂದಾಜು ಇನ್ನೊಂದಿಲ್ಲ.

ಇದು ಹೇಗೆ ಕೆಲಸ ಮಾಡ್ತಿತ್ತು ಅನ್ನೋದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ವಠಾರದಲ್ಲಿ ಒಂದೇ ವಾರಪತ್ರಿಕೆ ಮನೆಯಿಂದ ಮನೆಗೆ ಹೋಗ್ತಿತ್ತಲ್ಲ, ಹಾಗೆ. ನಾನು ನನ್ನ ಕಾಲೇಜಿನ ಕಂಪ್ಯೂಟರಿನಲ್ಲಿ ಏನೋ ಬರೀತೀನಿ. ರಾತ್ರಿ, ಫೋನ್ ದರ ಕಡಿಮೆ ಇದ್ದಾಗ, ಅದು ಪಕ್ಕದ ಊರಿನ ಕಂಪ್ಯೂಟರಿಗೆ ಡಯಲ್ ಮಾಡಿ ಹೊಸದೆಲ್ಲವನ್ನೂ ಕೊಡುತ್ತೆ. ಅದು ಮುಂದಿನದಕ್ಕೆ. ಅಲ್ಲಿಂದ ಇನ್ನೊಂದಕ್ಕೆ. ವ್ಯತ್ಯಾಸ ಏನಂದ್ರೆ, ಇಲ್ಲಿ ಪ್ರತಿ ಮನೆಯೂ ಒಂದು ಪ್ರತಿ ಇಟ್ಟುಕೊಳ್ತಿತ್ತು. ಮಧ್ಯದಲ್ಲಿ ದೊಡ್ಡ ಸರ್ವರ್ ಇಲ್ಲ. ಮುಖ್ಯ ಕಚೇರಿ ಇಲ್ಲ. ಹಾಗಾಗಿ ಒಂದು ಬರಹವನ್ನ ಎಲ್ಲ ಕಡೆಯಿಂದ ಅಳಿಸೋ ಬಟನ್ ಯಾರ ಕೈಯಲ್ಲೂ ಇಲ್ಲ.

ಬಿಲ್ ಕಟ್ಟಿದವರ ಮಾತು

ಯಜಮಾನರಿಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತ ಅಲ್ಲವಲ್ಲ. ಪಕ್ಕದ ಊರಿಗೆ ಲೋಕಲ್ ಕಾಲ್. ಅಮೆರಿಕದ ಆ ತುದಿಯಿಂದ ಈ ತುದಿಗೆ? ಎಸ್‌ಟಿಡಿ. ಸಾಗರ ದಾಟಿ ಯುರೋಪಿಗೆ? ಕೇಳೋದೇ ಬೇಡ. ಬೆಲ್ ಲ್ಯಾಬ್ಸ್, ಡಿಜಿಟಲ್ ಇಕ್ವಿಪ್‌ಮೆಂಟ್ ಥರದ ಕಡೆ ಕೆಲಸ ಮಾಡುತ್ತಿದ್ದ ಕೆಲವು ಎಂಜಿನಿಯರುಗಳು ಈ ದೂರದ ಕರೆಗಳನ್ನ ಕಂಪನಿಯ ಫೋನ್ ಬಿಲ್‌ಗೆ ಸೇರಿಸಿ ಜಾಲವನ್ನ ನಡೆಸಿದರು. ಯೂಸ್‌ನೆಟ್‌ಗೆ ಮೊದಲ ದಾನ ಕೊಟ್ಟದ್ದು ಹೀಗೆ, ಕಂಪನಿಗಳ ಟೆಲಿಫೋನ್ ಖಾತೆ.

ಈ ದೊಡ್ಡ ಕೇಂದ್ರಗಳ ಗುಂಪಿಗೆ ಬ್ಯಾಕ್‌ಬೋನ್ ಅಂತ ಹೆಸರು ಬಿತ್ತು, ಜಾಲದ ಬೆನ್ನುಮೂಳೆ. ಆ ಕೇಂದ್ರಗಳ ಪಟ್ಟಿ ಇಟ್ಟುಕೊಂಡು ಸಮನ್ವಯ ಮಾಡುತ್ತಿದ್ದವರು ಜೀನ್ ಸ್ಪ್ಯಾಫರ್ಡ್. ಅವರೂ ಪಗಾರ ಇಲ್ಲದ ಸ್ವಯಂಸೇವಕರೇ. ಜನ ಇವರನ್ನೆಲ್ಲ ಸೇರಿಸಿ ಬ್ಯಾಕ್‌ಬೋನ್ ಕಬಾಲ್ ಅಂದರು, ಅಂದ್ರೆ ಒಳಕೂಟ. ಒಳಕೂಟ ಅಂತ ಯಾವುದೂ ಇಲ್ಲ ಅನ್ನೋ ಉತ್ತರ ಎಷ್ಟು ಸಲ ಬಂತು ಅಂದ್ರೆ, ಕೊನೆಗೆ ಅದೇ ಒಂದು ಜೋಕ್ ಆಯ್ತು.

1986 ಮತ್ತು 87ರಲ್ಲಿ ಈ ಇಲ್ಲದ ಒಳಕೂಟ ಒಂದು ದೊಡ್ಡ ಕೆಲಸ ಮಾಡಿತು. ಅಲ್ಲಿವರೆಗೆ ಹೆಚ್ಚಿನ ಚರ್ಚೆಗಳು ನೆಟ್ ಅನ್ನೋ ತಲೆಬರಹದ ಕೆಳಗೆ ಇದ್ದವು. ಅದನ್ನ ಏಳು ಓಣಿ ಮಾಡಿದರು. ಕಂಪ್ಯೂಟರಿಗೆ ಕಂಪ್, ವಿಜ್ಞಾನಕ್ಕೆ ಸೈ, ಹವ್ಯಾಸಕ್ಕೆ ರೆಕ್, ಸಮಾಜಕ್ಕೆ ಸೋಕ್, ಹೀಗೆ. ಮುಗಿಯದ ಜಗಳಗಳಿಗೆ ಟಾಕ್ ಅಂತ ಬೇರೆಯೇ ಓಣಿ. ಯಾಕೆ ಬೇರೆ? ಯುರೋಪಿನ ಕೇಂದ್ರಗಳು ಅಟ್ಲಾಂಟಿಕ್ ದಾಟಿ ಬರೋ ಜಗಳಕ್ಕೆ ದುಡ್ಡು ಕೊಡೋಕೆ ತಯಾರಿರಲಿಲ್ಲ. ಜಗಳವೆಲ್ಲ ಒಂದೇ ಓಣಿಯಲ್ಲಿದ್ದರೆ ಆ ಓಣಿಯನ್ನ ತರಿಸಿಕೊಳ್ಳದೆ ಬಿಡಬಹುದಲ್ಲ. ನೋಡಿ, ಯಾವ ಮಾತು ಮುಖ್ಯ, ಯಾವುದು ಅಲ್ಲ ಅನ್ನೋದನ್ನ ಇಲ್ಲಿ ತೀರ್ಮಾನ ಮಾಡಿದ್ದು ಫೋನ್ ಬಿಲ್.

ಎಲ್ಲರೂ ಒಪ್ಪಲಿಲ್ಲ. ಬ್ರಯನ್ ರೀಡ್ ಅನ್ನೋರು ಅಡುಗೆ ವಿಧಾನಗಳ ಒಂದು ಗುಂಪು ನಡೆಸ್ತಿದ್ರು, ಅದಕ್ಕೆ ಕೊಟ್ಟ ಹೊಸ ಹೆಸರು ಅವರಿಗೆ ಹಿಡಿಸಲಿಲ್ಲ. ಜಾನ್ ಗಿಲ್‌ಮೋರ್ ಅವರಿಗೆ ಮಾದಕ ವಸ್ತುಗಳ ಬಗ್ಗೆ ಚರ್ಚಿಸೋ ಗುಂಪು ಬೇಕಿತ್ತು, ಒಳಕೂಟ ಬೇಡ ಅಂತು. 1987ರ ಮೇ ತಿಂಗಳಲ್ಲಿ ಇವರು, ಜೊತೆಗೆ ಗಾರ್ಡನ್ ಮಾಫೆಟ್, ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಒಂದು ಬಾರ್ಬೆಕ್ಯೂ ಹೋಟೆಲಿನಲ್ಲಿ ಕೂತು ನಮ್ಮದೇ ಒಂದು ಓಣಿ ಮಾಡೋಣ ಅಂದುಕೊಂಡರು. ಬೆನ್ನುಮೂಳೆಯನ್ನ ಬಳಸಿಕೊಳ್ಳದೆ, ತಮ್ಮ ತಮ್ಮ ಕಂಪ್ಯೂಟರುಗಳನ್ನೇ ಜೋಡಿಸಿ. ಅದೇ ಆಲ್ಟ್. ಅಲ್ಲಿ ಯಾರು ಬೇಕಾದರೂ ಗುಂಪು ತೆರೀಬಹುದಿತ್ತು.

ಇದೇ ಯೂಸ್‌ನೆಟ್‌ನ ಮೊದಲ ಪಾಠ ಅಂತ ನನಗೆ ಅನ್ಸುತ್ತೆ. ಒಳಕೂಟ ಹೇಳಿದ್ದಕ್ಕೆ ಬೆಲೆ ಇತ್ತು, ಯಾಕಂದ್ರೆ ಹೊರೆ ಹೊತ್ತಿದ್ದು ಅವರು. ಹೇಳಿದ್ದು ಇಷ್ಟವಿಲ್ಲದವರು ಎದ್ದು ಹೋಗಿ ಪಕ್ಕದಲ್ಲೇ ಇನ್ನೊಂದು ಜಗಲಿ ಕಟ್ಟಬಹುದಿತ್ತು. ಈ ಎರಡೂ ಒಟ್ಟಿಗೆ ಇದ್ದದ್ದರಿಂದ ಒಳಕೂಟ ಸರ್ವಾಧಿಕಾರಿ ಆಗಲಿಲ್ಲ.

ಹಳೇ ಓಣಿಗಳಲ್ಲಿ ಹೊಸ ಗುಂಪು ಬೇಕಾದರೆ ಮತದಾನ ಆಗಬೇಕಿತ್ತು. ಮೊದಲು ಚರ್ಚೆ, ಆಮೇಲೆ ಇಮೇಲ್‌ನಲ್ಲಿ ಮತ. ಬೇಡ ಅನ್ನೋರಿಗಿಂತ ಬೇಕು ಅನ್ನೋರು ಕಡೇಪಕ್ಷ 100 ಜನ ಹೆಚ್ಚಿರಬೇಕು. ಕೂತು ಮತ ಎಣಿಸೋಕೂ ಒಂದು ಸ್ವಯಂಸೇವಕರ ತಂಡ ಹುಟ್ಟಿಕೊಂಡಿತು. ಬಿಡುವಿನ ವೇಳೆಯಲ್ಲಿ, ಬಿಟ್ಟಿಯಾಗಿ ಎಣಿಸೋರು!

ಅನುಮೋದಿಸಲಾಗಿದೆ

ಹೆಚ್ಚಿನ ಗುಂಪುಗಳಲ್ಲಿ ಯಾರು ಏನು ಬೇಕಾದರೂ ಬರೀಬಹುದಿತ್ತು. ಕೆಲವಕ್ಕೆ ಮಾತ್ರ ಮಾಡರೇಟರ್ ಇರ್ತಿದ್ರು. ನೀವು ಬರೆದದ್ದು ನೇರ ಗುಂಪಿಗೆ ಹೋಗದೆ ಅವರ ಇಮೇಲ್‌ಗೆ ಹೋಗ್ತಿತ್ತು. ಅವರು ಓದಿ, ಸರಿ ಅನ್ನಿಸಿದರೆ ಮೇಲೆ ಅನುಮೋದಿಸಲಾಗಿದೆ ಅಂತ ಒಂದು ಸಾಲು ಸೇರಿಸಿ ಪ್ರಕಟಿಸ್ತಿದ್ರು. ತಮಾಷೆ ಏನಂದ್ರೆ, ಆ ಸಾಲನ್ನ ಯಾರು ಬೇಕಾದರೂ ಟೈಪ್ ಮಾಡಬಹುದಿತ್ತು. ಬಾಗಿಲಿಗೆ ಬೀಗ ಇತ್ತು, ಕೀಲಿ ಮಾತ್ರ ಹೊಸ್ತಿಲ ಮೇಲೇ ಇತ್ತು. ವ್ಯವಸ್ಥೆ ನಿಂತದ್ದು ಹೆಚ್ಚಿನ ಜನ ಆ ಕೀಲಿ ಮುಟ್ಟಲಿಲ್ಲ ಅನ್ನೋ ಕಾರಣಕ್ಕೆ.

ಮಾಡರೇಟರ್ ಆಗೋದರ ಕಷ್ಟ ಏನು ಅನ್ನೋದಕ್ಕೆ ಬ್ರ್ಯಾಡ್ ಟೆಂಪಲ್‌ಟನ್ ಅವರ ಕಥೆ ಕೇಳಿ. ಕೆನಡಾದ ವಾಟರ್‌ಲೂ ಊರಿನವರು. 1987ರಲ್ಲಿ ರೆಕ್ ಡಾಟ್ ಹ್ಯೂಮರ್ ಡಾಟ್ ಫನ್ನಿ ಅಂತ ಒಂದು ಜೋಕುಗಳ ಗುಂಪು ಶುರು ಮಾಡಿದರು. ಜನ ಕಳಿಸಿದ ಜೋಕುಗಳಲ್ಲಿ ನಗು ಬರೋದನ್ನ ಮಾತ್ರ ಆರಿಸಿ ಹಾಕೋದು ಅವರ ಕೆಲಸ. ಯೂಸ್‌ನೆಟ್‌ನಲ್ಲಿ ಅತಿ ಹೆಚ್ಚು ಓದುಗರಿದ್ದ ಗುಂಪುಗಳಲ್ಲಿ ಅದೂ ಒಂದಾಯ್ತು. 1988ರ ಕೊನೆಯಲ್ಲಿ ಅವರು ಹಾಕಿದ ಒಂದು ಜೋಕ್ ಯಹೂದಿಗಳ ಬಗೆಗಿನ ಹಳೇ ಪೂರ್ವಗ್ರಹವನ್ನೇ ಹಿಡಿದುಕೊಂಡಿತ್ತು. ದೂರು ಬಂತು, ಪತ್ರಿಕೆಗೆ ಹೋಯ್ತು. ವಾಟರ್‌ಲೂ ವಿಶ್ವವಿದ್ಯಾಲಯ ತನ್ನ ಕಂಪ್ಯೂಟರುಗಳಿಂದ ಇಡೀ ಗುಂಪನ್ನೇ ತೆಗೆದುಹಾಕಿತು. 1989ರಲ್ಲಿ ಸ್ಟ್ಯಾನ್‌ಫರ್ಡ್ ಕೂಡ ಹಾಗೇ ಮಾಡಿತು.

ಆಗ ಸ್ಟ್ಯಾನ್‌ಫರ್ಡ್‌ನಲ್ಲಿ ತಕರಾರು ತೆಗೆದವರು ಜಾನ್ ಮೆಕಾರ್ಥಿ. ಎಐ, ಅಂದ್ರೆ ಕೃತಕ ಬುದ್ಧಿಮತ್ತೆ ಅನ್ನೋ ವಿಷಯಕ್ಕೆ ಆ ಹೆಸರಿಟ್ಟವರೇ ಅವರು. ಅವರ ವಾದ ಸರಳ: ಇದು ಲೈಬ್ರರಿ ಇದ್ದ ಹಾಗೆ. ಒಂದು ಪುಸ್ತಕ ನಿಮಗೆ ಹಿಡಿಸಲಿಲ್ಲ ಅಂತ ಕಪಾಟಿನಿಂದ ತೆಗೀತೀರಾ? ಸಹೋದ್ಯೋಗಿಗಳೂ ಜೊತೆಗೆ ನಿಂತರು, ಗುಂಪು ವಾಪಸ್ ಬಂತು.

ಇಲ್ಲಿ ಯಾರು ಸರಿ? ನೋವಾಯಿತು ಅಂದವರ ನೋವು ಸುಳ್ಳಲ್ಲ. ಹಾಗಂತ ಒಂದು ಜೋಕಿಗಾಗಿ ಸಾವಿರಾರು ಜನರ ಗುಂಪನ್ನ ಮುಚ್ಚೋದು ಸರಿಯಾ? ಇಂಥ ಇಕ್ಕಟ್ಟಿಗೆ ಯೂಸ್‌ನೆಟ್‌ನ ಜನ 1980ರ ದಶಕದ ಶುರುವಿನಲ್ಲೇ ಒಂದು ಉಪಾಯ ಕಂಡುಕೊಂಡಿದ್ದರು. ಹೆಸರು ರಾಟ್ 13. ಇಂಗ್ಲಿಷಿನ ಪ್ರತಿ ಅಕ್ಷರವನ್ನೂ 13 ಸ್ಥಾನ ಮುಂದಕ್ಕೆ ತಳ್ಳೋದು. ಎ ಇದ್ದ ಕಡೆ ಎನ್, ಬಿ ಇದ್ದ ಕಡೆ ಓ. ಓದೋಕೆ ಹೋದರೆ ಅರ್ಥವಿಲ್ಲದ ಅಕ್ಷರಗಳು. ಒಂದು ಕೀ ಒತ್ತಿದರೆ ಮತ್ತೆ ಸರಿಯಾಗುತ್ತೆ. ಗುಟ್ಟು ಕಾಯೋ ಬೀಗ ಅಲ್ಲ ಇದು, ಬರೀ ಒಂದು ಪರದೆ. ಮನಸ್ಸಿಗೆ ಕಸಿವಿಸಿ ಆಗಬಹುದು, ನೋಡಲೇಬೇಕು ಅಂದ್ರೆ ನೀವೇ ಪರದೆ ಸರಿಸಿ, ಆಮೇಲೆ ನನ್ನನ್ನ ಬೈಬೇಡಿ ಅಂತ. ಇವತ್ತು ಸಿನಿಮಾ ಕಥೆ ಹೇಳುವಾಗ ಸ್ಪಾಯ್ಲರ್ ಅಂತ ಮಸುಕು ಮಾಡ್ತೀವಲ್ಲ, ಅದರ ಅಜ್ಜ ಇದು.

ನಮ್ಮವರ ಜಗಲಿ

ಈ ಜಗಲಿಯಲ್ಲಿ ನಮ್ಮವರು ಇರಲಿಲ್ವಾ ಅಂತ ಕೇಳ್ತೀರಿ. ಖಂಡಿತ ಇದ್ರು. ಅಮೆರಿಕಕ್ಕೆ ಎಂಎಸ್, ಪಿಎಚ್‌ಡಿ ಅಂತ ಹೋದ ಭಾರತದ ವಿದ್ಯಾರ್ಥಿಗಳಿಗೆ ಮೊದಲು ನೆಟ್ ಡಾಟ್ ಎನ್‌ಲ್ಯಾಂಗ್ ಡಾಟ್ ಇಂಡಿಯಾ ಅನ್ನೋ ಗುಂಪಿತ್ತು. ಓಣಿಗಳು ಬದಲಾದಾಗ ಅದು ಸೋಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಆಯ್ತು. ಕರ್ನಾಟಕಕ್ಕೆ ಅಂತಲೇ ಒಂದು ಗುಂಪು ಬಂತು. ಶಾಸ್ತ್ರೀಯ ಸಂಗೀತಕ್ಕೆ ಇನ್ನೊಂದು.

ಆಗ ಪರದೆಯ ಮೇಲೆ ಕನ್ನಡ ಲಿಪಿ ಸಿಗ್ತಿರಲಿಲ್ಲ. ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕು. ದೀರ್ಘ ಬಂದರೆ ಅಕ್ಷರ ಎರಡು ಸಲ ಒತ್ತು, ಮಹಾಪ್ರಾಣಕ್ಕೆ ಒಂದು ಹೆಚ್ ಅಂಟಿಸು. ನಾವು ಇವತ್ತೂ ವಾಟ್ಸಾಪ್‌ನಲ್ಲಿ ಮಾಡೋ ಕಸರತ್ತೇ.

ಊರಲ್ಲಿ ಆಗ ಪರಿಸ್ಥಿತಿ ಬೇರೆ. ಬೆಂಗಳೂರಿನ ಐಐಎಸ್‌ಸಿ, ಐಐಟಿಗಳಂಥ ಕೆಲವೇ ಸಂಸ್ಥೆಗಳನ್ನ ಇಆರ್‌ನೆಟ್ ಅನ್ನೋ ಜಾಲ ಜೋಡಿಸಿತ್ತು. ವಿಎಸ್‌ಎನ್‌ಎಲ್ ಸಾಮಾನ್ಯ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಹಾಗಾಗಿ ಮಂಡಲ್, ಅಯೋಧ್ಯೆ, ಕಾಶ್ಮೀರ ಅಂತ ಭಾರತದ ಬಗ್ಗೆ ಅಲ್ಲಿ ನಡೆದ ಮಹಾಜಗಳಗಳಲ್ಲಿ ಮಾತಾಡಿದವರು ಬಹುಪಾಲು ಭಾರತದ ಹೊರಗಿದ್ದವರು. ಯಾವ ಬೀದಿಯಲ್ಲಿ ಕಲ್ಲು ಬೀಳ್ತಿತ್ತೋ ಆ ಬೀದಿಯವರ ದನಿ ಅಲ್ಲಿ ಕೇಳ್ತಿರಲಿಲ್ಲ. ಸೋಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್‌ಗೆ ಮಾಡರೇಟರ್ ಇರಲಿಲ್ಲ. ಅಡುಗೆ, ಕ್ರಿಕೆಟ್ ಮಾತಿನ ಪಕ್ಕದಲ್ಲೇ ಜಾತಿ ಧರ್ಮದ ಬೈಗುಳ. ಬೇಸತ್ತವರು ಮಾಡ್ತಿದ್ದದ್ದು ಕಿಲ್ ಫೈಲ್ ಬಳಸೋದು, ಅಂದ್ರೆ ಇಂಥವರು ಬರೆದದ್ದು ನನಗೆ ತೋರಿಸಬೇಡ ಅಂತ ತಮ್ಮ ಕಂಪ್ಯೂಟರಿಗೆ ಹೇಳಿಡೋದು. ಈಗಿನ ಮ್ಯೂಟ್ ಬಟನ್ ಅಂದುಕೊಳ್ಳಿ. ಕಿವಿ ನಿಮ್ಮದು, ಮುಚ್ಚಿಕೊಳ್ಳೋ ಕೈಯೂ ನಿಮ್ಮದೇ.

ಮುಗಿಯದ ಸೆಪ್ಟೆಂಬರ್

ಅಮೆರಿಕದ ಕಾಲೇಜುಗಳಲ್ಲಿ ಹೊಸ ವರ್ಷ ಶುರುವಾಗೋದು ಸೆಪ್ಟೆಂಬರ್ ಸುಮಾರಿಗೆ. ಪ್ರತಿ ಸೆಪ್ಟೆಂಬರಿನಲ್ಲೂ ಹೊಸ ಹುಡುಗರು ಯೂಸ್‌ನೆಟ್‌ಗೆ ಬಂದು ಗಲಾಟೆ ಎಬ್ಬಿಸೋರು. ಹಳಬರು ಅವರಿಗೆ ಎಫ್‌ಎಕ್ಯೂ ಓದಿಸಿ, ರೀತಿ ರಿವಾಜು ಹೇಳಿಕೊಟ್ಟು, ಒಂದೆರಡು ತಿಂಗಳಲ್ಲಿ ಪಳಗಿಸೋರು. 1993, 94ರಲ್ಲಿ ಎಒಎಲ್ ಥರದ ಕಂಪನಿಗಳು ಮನೆ ಮನೆಯ ಗ್ರಾಹಕರಿಗೆ ಯೂಸ್‌ನೆಟ್ ಬಾಗಿಲು ತೆರೆದವು. ಹೊಸಬರು ವರ್ಷಪೂರ್ತಿ ಬರತೊಡಗಿದರು. 1993ರ ಸೆಪ್ಟೆಂಬರ್ ಇನ್ನೂ ಮುಗಿದೇ ಇಲ್ಲ ಅನ್ನೋ ಮಾತು ಹುಟ್ಟಿದ್ದು ಹಾಗೆ. ತಪ್ಪು ಹೊಸಬರದ್ದು ಅಂತ ನಾನು ಹೇಳಲ್ಲ. ಕಲಿಸೋ ಕೈಗಳು ಅಷ್ಟೇ ಇದ್ದವು, ಕಲಿಯೋ ತಲೆಗಳು ಸಾವಿರ ಪಟ್ಟು ಆದವು.

ಅದೇ ಹೊತ್ತಿಗೆ ಇನ್ನೊಂದು ಘಟನೆ. 1993ರ ಮಾರ್ಚ್ 31. ಅನಾಮಧೇಯ ಬರಹಗಳಿಂದ ರೋಸಿಹೋದ ಒಬ್ಬ ಸ್ವಯಂಸೇವಕ, ಅಂಥ ಬರಹಗಳನ್ನ ತಾನಾಗಿ ಅಳಿಸೋ ಒಂದು ಪ್ರೋಗ್ರಾಂ ಬರೆದು ಓಡಿಸಿದರು. ಅದರಲ್ಲಿ ಒಂದು ತಪ್ಪಿತ್ತು. ಪ್ರೋಗ್ರಾಂ ತಾನೇ ಬರೆದ ಸೂಚನೆಗೆ ತಾನೇ ಪ್ರತಿಕ್ರಿಯಿಸಿ, ಅದಕ್ಕೆ ಮತ್ತೆ ಪ್ರತಿಕ್ರಿಯಿಸಿ, ಒಂದೇ ಗುಂಪಿಗೆ ಸುಮಾರು 200 ಸಂದೇಶ ಸುರಿಯಿತು. ಯೂಸ್‌ನೆಟ್‌ನಲ್ಲಿ ಸ್ಪ್ಯಾಮ್ ಅನ್ನೋ ಮಾತು ಚಾಲ್ತಿಗೆ ಬಂದದ್ದು ಈ ಘಟನೆಯಿಂದ ಅಂತಾರೆ. ಅಂದ್ರೆ ಸ್ಪ್ಯಾಮ್ ಅನ್ನೋ ಬೈಗುಳ ತಿಂದ ಮೊದಲಿಗರಲ್ಲಿ ಒಬ್ಬರು ಜಾಹೀರಾತಿನವರಲ್ಲ, ಗುಡಿಸೋಕೆ ಬಂದವರು!

ಜಾಹೀರಾತಿನವರು ಬರೋಕೂ ತಡವಾಗಲಿಲ್ಲ. 1994ರ ಏಪ್ರಿಲ್ 12. ಅರಿಜೋನಾದ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಅನ್ನೋ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನ 5,000ಕ್ಕೂ ಹೆಚ್ಚು ಗುಂಪುಗಳಿಗೆ ಹಾಕಿದರು. ಅಸಲಿಗೆ ಆ ಲಾಟರಿಗೆ ಅರ್ಜಿ ಹಾಕೋಕೆ ವಕೀಲರೇ ಬೇಕಿರಲಿಲ್ಲ. ಒಂದೇ ಸಂದೇಶವನ್ನ ಹಲವು ಗುಂಪಿಗೆ ಸೇರಿಸಿ ಹಾಕಿದ್ದರೆ ಓದುಗರಿಗೆ ಒಂದು ಸಲ ಮಾತ್ರ ಕಾಣ್ತಿತ್ತು, ಯೂಸ್‌ನೆಟ್‌ನಲ್ಲಿ ಆ ಸೌಕರ್ಯ ಇತ್ತು. ಇವರು ಪ್ರತಿ ಗುಂಪಿಗೂ ಬೇರೆ ಬೇರೆಯಾಗಿ ಹಾಕಿದರು. ಹಾಗಾಗಿ ನೀವು ಹತ್ತು ಗುಂಪು ಓದೋರಾದರೆ ಹತ್ತು ಸಲ ಅದೇ ಜಾಹೀರಾತು. ಸಿಟ್ಟಿಗೆದ್ದ ಜನರ ಇಮೇಲ್ ಎಷ್ಟು ಬಂತು ಅಂದ್ರೆ, ಇವರಿಗೆ ಇಂಟರ್ನೆಟ್ ಕೊಟ್ಟ ಕಂಪನಿಯ ಕಂಪ್ಯೂಟರುಗಳು ಕುಸಿದು ಬಿದ್ದವು. ದಂಪತಿ ಮಾತ್ರ ನಾಚಿಕೊಳ್ಳಲಿಲ್ಲ. ಇಂಟರ್ನೆಟ್‌ನಲ್ಲಿ ದುಡ್ಡು ಮಾಡೋದು ಹೇಗೆ ಅಂತ ಪುಸ್ತಕ ಬರೆದರು.

ಗುಡಿಸೋರಿಗೂ ನಿಯಮ

ಈಗ ನಿಜವಾದ ಪ್ರಶ್ನೆ ಎದ್ದಿತು. ಇದನ್ನ ಅಳಿಸೋದು ಹೇಗೆ? ಯೂಸ್‌ನೆಟ್‌ನಲ್ಲಿ ಕ್ಯಾನ್ಸಲ್ ಅನ್ನೋ ಒಂದು ಆದೇಶ ಇತ್ತು. ನೀವು ಬರೆದದ್ದನ್ನ ನೀವೇ ಹಿಂತೆಗೆದುಕೊಳ್ಳೋಕೆ ಮಾಡಿದ್ದು. ಆದರೆ ಕಳಿಸಿದ್ದು ನೀವೇನಾ ಅಂತ ಯಾವ ಕಂಪ್ಯೂಟರೂ ಪರೀಕ್ಷೆ ಮಾಡ್ತಿರಲಿಲ್ಲ. ಆದ್ದರಿಂದ ನಿಮ್ಮ ಹೆಸರಿನಲ್ಲಿ ನಾನು ನಿಮ್ಮ ಬರಹ ಅಳಿಸಬಹುದು. ನೇರವಾಗಿ ಹೇಳಬೇಕಂದ್ರೆ ನಕಲಿ ಸಹಿ. ಒಳ್ಳೇ ಕೆಲಸಕ್ಕೆ ಬಳಸೋ ಪೊರಕೆಯೇ ನಕಲಿ ಸಹಿಯಾದರೆ, ಕೆಟ್ಟವರೂ ಅದನ್ನೇ ಹಿಡೀತಾರೆ. ಹಾಗೇ ಆಯ್ತು. 1990ರ ದಶಕದ ನಡುವೆ ಸೈಂಟಾಲಜಿ ಪಂಥದ ಟೀಕೆ ನಡೀತಿದ್ದ ಗುಂಪಿನಲ್ಲಿ ಟೀಕಾಕಾರರ ಬರಹಗಳು ಇಂಥ ಅನಾಮಧೇಯ ಕ್ಯಾನ್ಸಲ್‌ಗಳಿಂದ ಮಾಯವಾದವು.

ಹಾಗಾದರೆ ಒಳ್ಳೇ ಗುಡಿಸೋರನ್ನ ಗುರುತಿಸೋದು ಹೇಗೆ? ಇಲ್ಲಿ ಬರ್ತಾರೆ ಕ್ಯಾನ್ಸಲ್‌ಮೂಸ್. ಮೂಸ್ ಅಂದ್ರೆ ದೊಡ್ಡ ಕೊಂಬಿನ ಒಂದು ಜಿಂಕೆ. ಆ ಅಡ್ಡಹೆಸರಿನ ಹಿಂದೆ ಯಾರಿದ್ದಾರೆ ಅಂತ ಓದುಗರಿಗೆ ಗೊತ್ತಿರಲಿಲ್ಲ. ಗ್ರೀನ್ ಕಾರ್ಡ್ ಗಲಾಟೆಯ ವರ್ಷದಲ್ಲೇ ಈ ಮೂಸ್ ಸ್ಪ್ಯಾಮ್ ಅಳಿಸತೊಡಗಿದರು. ಹೆಸರಿಲ್ಲದವರನ್ನ ಜನ ನಂಬಿದ್ದು ಯಾಕೆ? ಪ್ರತಿ ಸಲ ಅಳಿಸಿದಾಗಲೂ ಎಲ್ಲರ ಮುಂದೆ ಲೆಕ್ಕ ಕೊಡ್ತಿದ್ರು: ಇದನ್ನ ಅಳಿಸಿದ್ದೀನಿ, ಇಷ್ಟು ಗುಂಪಿನಲ್ಲಿ ಇತ್ತು, ಸಂಶಯ ಇದ್ದವರಿಗೆ ಸಾಕ್ಷಿ ಇಲ್ಲಿದೆ. ಮತ್ತೆ, ಬರಹದಲ್ಲಿ ಏನಿದೆ ಅಂತ ಅವರು ನೋಡ್ತಾನೇ ಇರಲಿಲ್ಲ. ಎಷ್ಟು ಸಲ ಬಿದ್ದಿದೆ ಅಂತ ಎಣಿಸ್ತಿದ್ರು, ಅಷ್ಟೇ.

ಆ ಎಣಿಕೆಗೆ ಸೇಥ್ ಬ್ರೈಡ್‌ಬಾರ್ಟ್ ಅನ್ನೋರು ಒಂದು ಸೂತ್ರ ಕೊಟ್ಟರು. 45 ದಿನದೊಳಗೆ ಒಂದೇ ಬರಹ ಬೇರೆ ಬೇರೆಯಾಗಿ 20 ಕಡೆ ಬಿದ್ದರೆ ಅದು ಅಳಿಸೋಕೆ ಅರ್ಹ. ಒಟ್ಟಿಗೆ ಸೇರಿಸಿ ಹಾಕಿದ್ದರೆ ವರ್ಗಮೂಲದ ಲೆಕ್ಕ, ಸ್ವಲ್ಪ ರಿಯಾಯಿತಿ. ಅದು ಸಾಬೂನಿನ ಜಾಹೀರಾತಾದರೂ ಅಷ್ಟೇ, ವಿಶ್ವಶಾಂತಿಯ ಪ್ರಾರ್ಥನೆ ಆದರೂ ಅಷ್ಟೇ. ಈ ಸೂತ್ರ ಗುಡಿಸೋರ ಕೈಯನ್ನೇ ಕಟ್ಟಿಹಾಕಿತು. ನನಗೆ ಇಷ್ಟವಾಗಲಿಲ್ಲ ಅಂತ ಅಳಿಸೋ ಹಾಗಿಲ್ಲ, ಲೆಕ್ಕ 20 ದಾಟಲೇಬೇಕು.

ಮೂಸ್ ಅಷ್ಟಕ್ಕೇ ನಿಲ್ಲಲಿಲ್ಲ. ನಕಲಿ ಸಹಿಯೇ ಬೇಡ ಅಂತ ನೋ ಸೀ ಎಮ್ ಅನ್ನೋ ವ್ಯವಸ್ಥೆ ತಂದರು. ನಾನು ಯಾವುದನ್ನೂ ಅಳಿಸಲ್ಲ. ಇವು ಕಸ ಅಂತ ಒಂದು ಪಟ್ಟಿ ಮಾಡಿ, ನನ್ನದೇ ಡಿಜಿಟಲ್ ಸಹಿ ಹಾಕಿ ಪ್ರಕಟಿಸ್ತೀನಿ. ನನ್ನ ಮೇಲೆ ನಂಬಿಕೆ ಇದ್ದರೆ ನಿಮ್ಮ ಕಂಪ್ಯೂಟರ್ ಅವನ್ನ ಮರೆಮಾಡಲಿ, ಇಲ್ಲದಿದ್ದರೆ ಬಿಡಿ. ಇವತ್ತು ಬ್ಲೂಸ್ಕೈಯಲ್ಲಿ ಜನ ಬ್ಲಾಕ್ ಪಟ್ಟಿ ಹಂಚಿಕೊಳ್ತಾರಲ್ಲ, ಯೋಚನೆ ಅದೇ.

ವ್ಯಕ್ತಿಗಳ ಮಟ್ಟದಲ್ಲಿ ಇಷ್ಟಾಯ್ತು. ಸ್ಪ್ಯಾಮ್ ಹರಿಯೋಕೆ ಬಿಟ್ಟು ಕಣ್ಣುಮುಚ್ಚಿ ಕೂತ ಕಂಪನಿಗಳಿಗೆ ಏನು ಮಾಡೋದು? ಅವುಗಳಿಗೆ ಯೂಸ್‌ನೆಟ್ ಮರಣದಂಡನೆ ಅನ್ನೋ ಶಿಕ್ಷೆ ಇತ್ತು. ಹೆಸರು ಭಯಂಕರ, ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಬಹಿಷ್ಕಾರ. ಆ ಕಂಪನಿಯಿಂದ ಬಂದ ಬರಹಗಳನ್ನೆಲ್ಲ ಅಳಿಸೋದು. 1997ರ ಆಗಸ್ಟ್‌ನಲ್ಲಿ ಇದು ಬಿದ್ದದ್ದು ಯೂಯೂನೆಟ್ ಮೇಲೆ, ಆ ಕಾಲದ ಅತಿ ದೊಡ್ಡ ಇಂಟರ್ನೆಟ್ ಕಂಪನಿಗಳಲ್ಲಿ ಒಂದು. ಅದನ್ನ 1987ರಲ್ಲಿ ಕಟ್ಟಿದವರು ರಿಕ್ ಆಡಮ್ಸ್. ಏಳು ಓಣಿ ಮಾಡಿದ ಬ್ಯಾಕ್‌ಬೋನ್ ತಂಡದ ಮುಂಚೂಣಿಯಲ್ಲಿದ್ದವರೂ ಇದೇ ಆಡಮ್ಸ್! ಅಷ್ಟು ಹೊತ್ತಿಗೆ ಕಂಪನಿ ಬೇರೆಯವರ ಕೈ ಸೇರಿತ್ತು. ಕೆಲವೇ ದಿನಗಳಲ್ಲಿ ಅದು ಸ್ಪ್ಯಾಮ್ ತಡೆಯೋಕೆ ಕ್ರಮ ತೆಗೆದುಕೊಂಡಿತು, ಬಹಿಷ್ಕಾರ ಮುಗೀತು. ಸಂಬಳ ಇಲ್ಲದ ಒಂದಷ್ಟು ಜನ ದೈತ್ಯ ಕಂಪನಿಯೊಂದನ್ನ ಬಗ್ಗಿಸಿದ್ದರು.

ಪೊರಕೆ ಕೆಳಗಿಟ್ಟಾಗ

ಈಗ ನಾವು ಶುರು ಮಾಡಿದ ಜಾಗಕ್ಕೆ ಬಂದ್ವಿ, 1998ರ ಏಪ್ರಿಲ್. ಗುಡಿಸೋರು ಸುಸ್ತಾಗಿದ್ರು. ಒಂದು ಕಡೆ ಸ್ಪ್ಯಾಮ್ ಹಾಕೋರ ಬೆದರಿಕೆ. ಇನ್ನೊಂದು ಕಡೆ, ನಮ್ಮ ಮಾತು ಅಳಿಸೋಕೆ ನೀವ್ಯಾರು ಅಂತ ಬೈಯೋರು. ಮೂರನೇ ಕಡೆ ಇದ್ದವರೇ ಹೆಚ್ಚು: ಕಸ ಕಾಣ್ತಾ ಇಲ್ಲ, ಆದ್ದರಿಂದ ಕಸ ಇಲ್ಲ ಅಂದುಕೊಂಡವರು. ಇಂಟರ್ನೆಟ್ ಕಂಪನಿಗಳೂ ಹಾಗೇ ಅಂದುಕೊಂಡಿದ್ದವು. ಯಾರೋ ಗುಡಿಸ್ತಾರೆ, ನಾವ್ಯಾಕೆ ತಲೆ ಕೆಡಿಸಿಕೊಳ್ಳೋದು. ಅದಕ್ಕೇ ಮುಷ್ಕರ. ಅವರು ಕೇಳಿದ್ದು ಇಷ್ಟು: ನಿಮ್ಮ ಮನೆ ಮುಂದಿನ ಕಸ ನೀವು ಗುಡಿಸಿ.

ಯೂಸ್‌ನೆಟ್ ಆ ಮಾತನ್ನ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಕಸ ಬರ್ತಾನೇ ಇತ್ತು. ಜನ ವೆಬ್‌ಸೈಟುಗಳ ಕಡೆ, ಆಮೇಲೆ ಸೋಶಿಯಲ್ ಮೀಡಿಯಾ ಕಡೆ ಎದ್ದು ಹೋದರು. ಅಲ್ಲಿ ಯಜಮಾನರಿದ್ದರು, ಗುಡಿಸೋಕೆ ಸಂಬಳದವರನ್ನೂ ಇಟ್ಟಿದ್ದರು. 2010ರ ಮೇ 20ರಂದು, ಇದೆಲ್ಲ ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯವೇ ತನ್ನ ಯೂಸ್‌ನೆಟ್ ಸರ್ವರ್ ಬಂದ್ ಮಾಡಿತು. 2024ರ ಫೆಬ್ರವರಿ 22ರಿಂದ ಗೂಗಲ್ ಗ್ರೂಪ್ಸ್ ಕೂಡ ಯೂಸ್‌ನೆಟ್‌ನ ಹೊಸ ಬರಹಗಳನ್ನ ತೆಗೆದುಕೊಳ್ಳೋದು ಬಿಟ್ಟಿತು.

ಯಜಮಾನರು ಬಂದ ಮೇಲೆ ಸಮಸ್ಯೆ ಮುಗೀತಾ? 2023ರ ಜೂನ್ ನೆನಪಿಸಿಕೊಳ್ಳಿ. ರೆಡಿಟ್ ಕಂಪನಿ ತನ್ನ ಡೇಟಾ ಬಳಸೋ ಹೊರಗಿನ ಆಪ್‌ಗಳಿಗೆ ದೊಡ್ಡ ದರ ಇಟ್ಟಾಗ, ಸಾವಿರಾರು ಗುಂಪುಗಳ ಮಾಡರೇಟರುಗಳು ತಮ್ಮ ಗುಂಪುಗಳನ್ನ ಮುಚ್ಚಿ ಪ್ರತಿಭಟಿಸಿದರು. ಅವರೂ ಸಂಬಳ ಇಲ್ಲದವರೇ. ಆದರೆ ಈ ಸಲ ಯಜಮಾನರಿದ್ದರು. ಬಾಗಿಲು ತೆರೆಯದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತರ್ತೀವಿ ಅಂತ ಕಂಪನಿ ಎಚ್ಚರಿಸಿತು. ಮರುವರ್ಷ ಮಾರ್ಚ್‌ನಲ್ಲಿ ಕಂಪನಿ ಷೇರುಪೇಟೆಗೂ ಹೋಯ್ತು. 1987ರಲ್ಲಿ ಇಷ್ಟವಾಗದವರು ಬಾರ್ಬೆಕ್ಯೂ ಹೋಟೆಲಿನಲ್ಲಿ ಕೂತು ತಮ್ಮದೇ ಓಣಿ ಕಟ್ಟಿದ್ದರು. 2023ರಲ್ಲಿ ಎದ್ದು ಹೋದವರು, ವರ್ಷಗಟ್ಟಲೆ ಜೊತೆಗೂಡಿ ಬರೆದದ್ದನ್ನೆಲ್ಲ ಅಲ್ಲೇ ಬಿಟ್ಟು ಹೋಗಬೇಕಾಯ್ತು.

ಬರೆದದ್ದರ ಮಾತು ಬಂತಲ್ಲ, ಒಂದು ವಿಷಯ ಹೇಳಿ ಮುಗಿಸ್ತೀನಿ. ಯೂಸ್‌ನೆಟ್‌ನ ಮೊದಲ ಹತ್ತು ವರ್ಷದ ಮಾತು ನಮಗೆ ಇವತ್ತು ಸಿಗ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಹೆನ್ರಿ ಸ್ಪೆನ್ಸರ್. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಕಂಪ್ಯೂಟರ್ ನೋಡಿಕೊಳ್ತಿದ್ದವರು. ಆಗ ಎಲ್ಲರೂ ಡಿಸ್ಕ್ ತುಂಬಿದಾಗ ಹಳೇ ಬರಹ ಅಳಿಸ್ತಿದ್ರು. ಇವರು 1981ರಿಂದ 1991ರವರೆಗಿನದನ್ನ ಮ್ಯಾಗ್ನೆಟಿಕ್ ಟೇಪ್‌ಗಳಿಗೆ ತುಂಬಿಸಿ ಇಟ್ಟುಕೊಂಡರು, 141 ಟೇಪ್. ಹೀಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಯೂಸ್‌ನೆಟ್ ಇನ್ನೂ ಪೂರ್ತಿ ಸತ್ತಿಲ್ಲ. ಸ್ವಯಂಸೇವಕರ ಒಂದು ಉಚಿತ ಸರ್ವರ್ ಈಗಲೂ ನಡೀತಿದೆ, ಅದರ ಹೆಸರೇ ಎಟರ್ನಲ್ ಸೆಪ್ಟೆಂಬರ್. ಹಳೇ ಓಣಿಗಳ ಗುಂಪುಗಳ ಪಟ್ಟಿ ನೋಡಿಕೊಳ್ಳೋ ಮಂಡಳಿಯೂ ಇದೆ.

ನಿಮ್ಮ ಫೋನಿನಲ್ಲೂ ಅಪಾರ್ಟ್‌ಮೆಂಟಿನದ್ದೋ, ಊರಿನದ್ದೋ, ಹಳೇ ಕ್ಲಾಸ್‌ಮೇಟುಗಳದ್ದೋ ಒಂದು ಗ್ರೂಪ್ ಇರುತ್ತೆ. ಅದಕ್ಕೆ ಒಬ್ಬ ಅಡ್ಮಿನ್. ಅವರು ಏನನ್ನೋ ಡಿಲೀಟ್ ಮಾಡಿದಾಗ ಎಲ್ಲರ ಮುಂದೆ ಕಾರಣ ಹೇಳ್ತಾರಾ, ತಮ್ಮ ಗೆಳೆಯರಿಗೂ ಅದೇ ನಿಯಮ ಇದೆಯಾ ಅಂತ ಧಾರಾಳವಾಗಿ ಕೇಳಿ. ಮೂಸ್‌ಗೂ ಜನ ಅದನ್ನೇ ಕೇಳ್ತಿದ್ರು. ಜೊತೆಗೆ, ರಾತ್ರಿ ಹನ್ನೊಂದಕ್ಕೆ ಯಾರೋ ಹಾಕಿದ ಸುಳ್ಳು ಸುದ್ದಿಯನ್ನ ಅವರು ತೆಗೆದದ್ದು ನಿಮ್ಮ ಕಣ್ಣಿಗೆ ಬಿದ್ದರೆ, ನೋಡಿದೆ ಅಂತ ಒಂದು ಮಾತು ಹೇಳಿ. 1998ರ ಏಪ್ರಿಲ್‌ನಲ್ಲಿ ಪೊರಕೆ ಕೆಳಗಿಟ್ಟವರಿಗೆ ಆ ಮಾತು ಹೇಳಿದವರು ಬಹಳ ಕಮ್ಮಿ.